ದಿಂಬಿನ ಮೇಲೆ ಇಟ್ಟ ನೋಟು

ರಜೆಯ ಕೊನೆಯ ದಿನ ಬೆಳಿಗ್ಗೆ ತಿಂಡಿಯ ಮೇಜಿನ ಮುಂದೆ ಅತ್ತಿಗೆ ಆ ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ ಪ್ರವಾಸವೆಲ್ಲ ಸುಸೂತ್ರವಾಗಿ ಮುಗಿದುಹೋಗುತ್ತಿತ್ತು.

"ಅಲ್ಲಾ, ನಮ್ಮ ರೂಮು ಕ್ಲೀನ್ ಮಾಡ್ತಾಳಲ್ಲ, ಆ ಹೆಂಗಸಿಗೆ ಏನಾದ್ರೂ ಕೊಡ್ಬೇಕಲ್ವಾ?"

ಚಿಲ್ಲರೆಪ್ಪ ಬಾಯಿಗಿಟ್ಟ ಬ್ರೆಡ್ಡನ್ನು ಅಗಿಯುವುದನ್ನು ನಿಲ್ಲಿಸಿದ.

ಚಿಲ್ಲರೆಪ್ಪ ಎನ್ನುವುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸಿಟಿ ಬಸ್ಸಿನ ಕಂಡಕ್ಟರ್ ಆಗಿ ಬೆಳಗಿಂದ ಸಂಜೆಯವರೆಗೆ "ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ" ಎಂದು ಅರಚಿ ಅರಚಿ, ಮೊದಲು ಪ್ರಯಾಣಿಕರಿಂದ, ಆಮೇಲೆ ಡಿಪೋದವರಿಂದ, ಕೊನೆಗೆ ಮಾವನ ಮನೆಯವರಿಂದಲೂ ಸಂಪಾದಿಸಿಕೊಂಡ ಹೆಸರು. ಟಿಕೆಟ್ ಹರಿಯದೆ ಯಾರಿಂದಲೂ ಕಾಸು ತೆಗೆದುಕೊಂಡವನಲ್ಲ, ಟಿಕೆಟ್ ಪಡೆಯದೆ ಯಾರಿಗೂ ಕಾಸು ಕೊಟ್ಟವನೂ ಅಲ್ಲ. ಮದುವೆಯಾದ ಮೇಲೆ ಇದೇ ಮೊದಲ ಸಲ ಹೆಂಡತಿಯನ್ನು ಪ್ರವಾಸಕ್ಕೆ ಕರೆದುಕೊಂಡು ಬಂದಿದ್ದ. ಜೊತೆಗೆ ಹೆಂಡತಿಯ ಅಕ್ಕ, ಅಂದರೆ ಈ ಅತ್ತಿಗೆ, ಮತ್ತು ಅವಳ ಗಂಡ, ಅಂದರೆ ಚಿಲ್ಲರೆಪ್ಪನ ಷಡ್ಡಕ. ಖರ್ಚು ಉಳಿಯಲಿ ಎಂದು ನಾಲ್ವರಿಗೂ ಸೇರಿ ಒಂದೇ ದೊಡ್ಡ ರೂಮು. ರೂಮು ಆರಿಸಿದ್ದು ಷಡ್ಡಕ; ಆದರೆ ರಿಜಿಸ್ಟರಿನಲ್ಲಿ ಬರೆಸಿದ್ದು ಚಿಲ್ಲರೆಪ್ಪನ ಹೆಸರು.

"ನಾನು ಇಷ್ಟು ವರ್ಷ ಟಿಕೆಟ್ ಕೊಟ್ಟಿದ್ದೀನಿ ಅತ್ತಿಗೆ. ಒಬ್ಬರಾದ್ರೂ ನನಗೆ ಟಿಪ್ಸ್ ಕೊಟ್ಟಿದ್ದಾರಾ?" ಎಂದ ಚಿಲ್ಲರೆಪ್ಪ.

"ಒಂದ್ಸಲನಾದ್ರೂ ನಕ್ಕು ಟಿಕೆಟ್ ಕೊಟ್ಟಿದ್ರೆ ಕೊಡ್ತಿದ್ರೇನೋ," ಎಂದಳು ಹೆಂಡತಿ.

ಷಡ್ಡಕ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. ಅವನು ಔಷಧ ಕಂಪನಿಯ ಪ್ರತಿನಿಧಿ. ತಿಂಗಳಲ್ಲಿ ಅರ್ಧದಷ್ಟು ದಿನ ಹೋಟೆಲಿನಲ್ಲೇ ಮಲಗುವವನು. ಹೋಟೆಲಿನ ವಿಷಯ ಬಂದರೆ ಅವನು ಮಾತಾಡುವಾಗ ಉಳಿದವರು ಸುಮ್ಮನಿರಬೇಕು ಎನ್ನುವುದು ಆ ಕುಟುಂಬದಲ್ಲಿ ಅವನೇ ಮಾಡಿದ ಕಾನೂನು.

"ಕೊಡ್ಲೇಬಾರ್ದು," ಎಂದ. "ಸಂಬಳ ತಗೊಳ್ಳೋರಿಗೆ ದುಡ್ಡು ಕೊಟ್ರೆ ಅದು ಅವಮಾನ."

"ಕೊಡದೇ ಇದ್ರೆ ಅವಮಾನ," ಎಂದಳು ಅತ್ತಿಗೆ.

"ಯಾರಿಗೆ ಅವಮಾನ?"

"ನನಗೆ. ಅವಳು ಬಾಗಿಲ ಹತ್ರ ನಿಂತು ನಗ್ತಾಳೆ. ನಾನು ಮೇಲೆ ಫ್ಯಾನ್ ನೋಡ್ಕೊಂಡು ಹೋಗ್ಬೇಕು."

"ಫ್ಯಾನ್ ನೋಡು, ಏನೀಗ? ಇದೇ ಕೊನೆ ಮಾತು. ಯಾರೂ ಏನೂ ಕೊಡೋದು ಬೇಡ. ನಾಲ್ಕು ಜನಾನೂ ಒಂದೇ ಥರ ಇರ್ಬೇಕು."

ನಾಲ್ವರೂ ತಲೆಯಾಡಿಸಿದರು. ವಿಷಯ ಅಲ್ಲಿಗೆ ಮುಗಿಯಿತು. ಮುಗಿಯಿತು ಎಂದು ಚಿಲ್ಲರೆಪ್ಪ ಅಂದುಕೊಂಡ.

ಆದರೆ ಚಹಾ ಬರುವಷ್ಟರಲ್ಲಿ ಹೆಂಡತಿಗೆ ತಲೆಪಿನ್ನು ರೂಮಿನಲ್ಲೇ ಮರೆತದ್ದು ನೆನಪಾಯಿತು. ಅವಳು ಹೋಗಿ ಬಂದ ಮೇಲೆ ಅತ್ತಿಗೆಗೆ ಮಾತ್ರೆ ನೆನಪಾಯಿತು. ಅತ್ತಿಗೆ ಬಂದು ಕೂತ ಮೇಲೆ ಷಡ್ಡಕನಿಗೆ ಫೋನಿನ ಚಾರ್ಜರ್ ನೆನಪಾಯಿತು. ಚಿಲ್ಲರೆಪ್ಪ ಇದ್ಯಾವುದನ್ನೂ ಗಮನಿಸಲಿಲ್ಲ. ಅವನ ಮನಸ್ಸಿನಲ್ಲಿ ಒಂದು ಗುಂಡಿ ಕೂತಿತ್ತು. ಹಿಂದಿನ ದಿನ ಅವನ ಅಂಗಿಯ ಗುಂಡಿ ಕಿತ್ತು ಮಂಚದ ಕೆಳಗೆಲ್ಲೋ ಉರುಳಿಹೋಗಿತ್ತು. ಸಂಜೆ ಬಂದು ನೋಡಿದರೆ ಅದನ್ನು ಹುಡುಕಿ ತೆಗೆದು, ಅಂಗಿಗೆ ಹೊಲಿದು, ಮಡಿಸಿಟ್ಟಿದ್ದಳು ಆ ಹೆಂಗಸು. ಮನೆಯಲ್ಲಾದರೆ ಒಂದು ಗುಂಡಿಗೆ ವಾರಗಟ್ಟಲೆ ಅರ್ಜಿ ಹಾಕಬೇಕು.

"ನಾನೊಂದು ಸುತ್ತು ಹಾಕಿ ಬರ್ತೀನಿ," ಎಂದು ಹೇಳಿ ಚಿಲ್ಲರೆಪ್ಪ ನೇರವಾಗಿ ಮೆಟ್ಟಿಲು ಹತ್ತಿದ.

ರೂಮಿನಲ್ಲಿ ಯಾರೂ ಇರಲಿಲ್ಲ. ಜೇಬಿನಲ್ಲಿದ್ದದ್ದು ಒಂದೇ ಒಂದು ದೊಡ್ಡ ನೋಟು. ಅದನ್ನು ತನ್ನ ದಿಂಬಿನ ಮೇಲೆ ಇಟ್ಟ. ಹಿಂದೆ ಸರಿದು ನೋಡಿದ. ಬರೀ ನೋಟು ತುಂಬಾ ಬೋಳುಬೋಳಾಗಿ ಕಂಡಿತು. ಸ್ವಲ್ಪ ಓರೆ ಮಾಡಿ ಇಟ್ಟ. ಈಗ ಜೇಬಿನಿಂದ ಬಿದ್ದುಹೋದಂತೆ ಕಂಡಿತು. ಮತ್ತೆ ನೇರ ಮಾಡಿ, ಕಳ್ಳನಂತೆ ಹೊರಗೆ ಬಂದು ತೋಟಕ್ಕೆ ಹೋದ.

ಒಂದು ಸುತ್ತು ಮುಗಿಸಿ ಬಂದು ನೋಡಿದರೆ ಹಾಸಿಗೆ ಹೊಸದಾಗಿ ಹಾಸಿತ್ತು, ನೆಲ ಒರೆಸಿತ್ತು. ನೋಟು ಮಾತ್ರ ಮೇಜಿನ ಮೇಲೆ, ನೀರಿನ ಲೋಟದ ಕೆಳಗೆ, ಗಾಳಿಗೆ ಹಾರದ ಹಾಗೆ ಭದ್ರವಾಗಿ ಕೂತಿತ್ತು.

ಚಿಲ್ಲರೆಪ್ಪನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಕಮ್ಮಿಯಾಯಿತೇ? ಜಾಸ್ತಿಯಾಯಿತೇ? ಷಡ್ಡಕ ಹೇಳಿದಂತೆ ನಿಜವಾಗಿಯೂ ಅವಮಾನವಾಯಿತೇ? ಯಾರನ್ನಾದರೂ ಕೇಳೋಣವೆಂದರೆ, ಕೊಡುವುದಿಲ್ಲ ಎಂದು ಒಪ್ಪಿಕೊಂಡ ನಾಲ್ವರಲ್ಲಿ ಅವನೂ ಒಬ್ಬ. ನೋಟನ್ನು ಜೇಬಿಗೆ ಹಾಕಿಕೊಂಡು ಮತ್ತೆ ತೋಟಕ್ಕೆ ಹೋಗಿ, ಗಿಡಗಳಿಗೆ ನೀರು ಹಾಕುತ್ತಿದ್ದ ಮಾಲಿಯ ಪಕ್ಕ ನಿಂತುಕೊಂಡ.

"ಯಜಮಾನ್ರೇ, ನನ್ನ ಸ್ನೇಹಿತ ಒಬ್ಬ ಇದ್ದಾನೆ," ಎಂದು ಶುರು ಮಾಡಿದ.

ಮಾಲಿ ಪೂರ್ತಿ ಕೇಳಿ, ಪೈಪನ್ನು ಬೇರೆ ಗಿಡಕ್ಕೆ ತಿರುಗಿಸಿದ. "ದಿಂಬಿನ ಮೇಲೆ ಇಟ್ರೆ ಮರ್ತು ಬಿಟ್ಟಿದ್ದು ಅಂದ್ಕೋತಾರೆ ಸ್ವಾಮಿ. ಮುಟ್ಟಿದ್ರೆ ಕೆಲ್ಸ ಹೋಗುತ್ತೆ. ಕೈಗೇ ಕೊಡೋಕೆ ಹೇಳಿ ನಿಮ್ಮ ಸ್ನೇಹಿತರಿಗೆ. ಯಾರೂ ನೋಡದ ಹಾಗೆ."

ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡು ಚಿಲ್ಲರೆಪ್ಪ ಮೇಲೆ ಓಡಿದ.

ಆ ಹೆಂಗಸು ಕಾರಿಡಾರಿನಲ್ಲಿ ಧೂಳು ಹೀರುವ ಯಂತ್ರ ಓಡಿಸುತ್ತಿದ್ದಳು. ಯಂತ್ರ ಲಾರಿಯ ಹಾಗೆ ಗುರ್ರೆನ್ನುತ್ತಿತ್ತು. ಚಿಲ್ಲರೆಪ್ಪ ಆಚೆ ಈಚೆ ನೋಡಿ ನೋಟನ್ನು ಮುಂದೆ ಚಾಚಿದ. ಮಾತಾಡಿದ. ಮಾತು ತನಗೇ ಕೇಳಿಸಲಿಲ್ಲ. ಅವಳು ನೋಟನ್ನೂ ಅವನ ಮುಖವನ್ನೂ ನೋಡಿ, "ಚಿಲ್ಲರೆನಾ ಸರ್?" ಎಂದು ಕೂಗಿದಳು.

ಹುಟ್ಟಿದಂದಿನಿಂದ ಕಾದಿದ್ದ ಶಬ್ದ ಕೇಳಿದವನಂತೆ ಚಿಲ್ಲರೆಪ್ಪ ತಲೆಯಾಡಿಸಿಬಿಟ್ಟ. ಅವಳು ಸೊಂಟದ ಚೀಲದಿಂದ ಬೇಕಾದಷ್ಟು ಸಣ್ಣ ನೋಟು ತೆಗೆದು ಅವನ ಕೈಗಿಟ್ಟು, ದೊಡ್ಡ ನೋಟು ತೆಗೆದುಕೊಂಡಳು. ಅವನ ಬೆರಳುಗಳು ತಮ್ಮ ಪಾಡಿಗೆ ತಾವು ಎಣಿಸಿದವು. ಲೆಕ್ಕ ಸರಿಯಿತ್ತು. "ಸರಿ, ಮುಂದೆ ಹೋಗಿ, ಮುಂದೆ ಹೋಗಿ," ಎಂದ. ಅವಳು ಯಂತ್ರವನ್ನು ಪಕ್ಕದಲ್ಲಿದ್ದ ತಳ್ಳುಗಾಡಿಗೆ ಏರಿಸಿ, ತಳ್ಳಿಕೊಂಡು ಮುಂದೆ ಹೋದಳು.

ಅವಳು ಮೂಲೆ ತಿರುಗಿದ ಮೇಲೆ ಚಿಲ್ಲರೆಪ್ಪನಿಗೆ ಎಚ್ಚರವಾಯಿತು. ಕೊಡಲು ಹೋದವನು ತೆಗೆದುಕೊಂಡು ನಿಂತಿದ್ದ!

"ಅಮ್ಮಾ, ನಿಂತ್ಕೋಮ್ಮಾ!" ಎಂದು ಹಿಂದೆ ಓಡಿದ. ಕೈಯಲ್ಲಿ ಸಣ್ಣ ನೋಟುಗಳು, ಬಸ್ಸಿನಲ್ಲಿ ಹಿಡಿಯುವ ಅಭ್ಯಾಸದಂತೆ ಉದ್ದುದ್ದ ಮಡಿಚಿ ಬೆರಳ ಸಂದಿಯಲ್ಲಿ ಬೀಸಣಿಗೆಯಾಗಿ ಅರಳಿದ್ದವು. ಅವಳು ತಿರುಗಿ ನೋಡಿದಳು. ಬೀಸಣಿಗೆಯನ್ನು ನೋಡಿದಳು. ನಗು ಮಾಯವಾಯಿತು. ಗಾಡಿ ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ಚಿಲ್ಲರೆಪ್ಪನೂ ಇಳಿದ. ಅವಳು ಬಟ್ಟೆಗಳನ್ನಿಡುವ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡಳು.

ಚಿಲ್ಲರೆಪ್ಪ ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ. "ಹೆದರ್ಬೇಡಮ್ಮಾ. ಇದು ತಗೊಂಡ್ಬಿಡು. ಯಾರಿಗೂ ಗೊತ್ತಾಗಲ್ಲ. ನನ್ನ ಹೆಂಡ್ತಿಗಂತೂ ಹೇಳ್ಲೇಬೇಡ."

ಒಳಗಿನಿಂದ ಉತ್ತರ ಬರಲಿಲ್ಲ. ಹಿಂದಿನಿಂದ ಬಂತು.

"ಏನ್ ಸ್ವಾಮಿ ಇದು?"

ತಿರುಗಿದರೆ ಹೋಟೆಲಿನ ಇಸ್ತ್ರಿಯವನು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ. ಅದು ಬಿಸಿಯಾಗಿತ್ತು.

ಮ್ಯಾನೇಜರಿನ ಕೋಣೆಯಲ್ಲಿ ಚಿಲ್ಲರೆಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದರು. ಮ್ಯಾನೇಜರು ತೆಳ್ಳನೆಯ ಮನುಷ್ಯ, ಎಲ್ಲವನ್ನೂ ಮೆಲ್ಲಗೆ ಹೇಳುವವನು. ಅವನು ಮೆಲ್ಲಗೆ ಹೇಳಿದಷ್ಟೂ ಚಿಲ್ಲರೆಪ್ಪನ ಬೆನ್ನು ಬೆವರುತ್ತಿತ್ತು.

"ದುಡ್ಡು ತೋರಿಸ್ಕೊಂಡು ನಮ್ಮ ಕೆಲಸದವರ ಹಿಂದೆ ಓಡಿದ್ರಂತೆ. ಹೆಂಡತಿಗೆ ಹೇಳ್ಬೇಡ ಅಂದ್ರಂತೆ. ನಿಮ್ಮ ಮನೆಯವರನ್ನ ಕರೆಸಿದ್ದೀನಿ ಸರ್."

"ಅಯ್ಯೋ, ಅವಳನ್ನ ಯಾಕೆ ಕರೆಸಿದ್ರಿ?" ಎಂದ ಚಿಲ್ಲರೆಪ್ಪ. ಹೇಳಿದ ಮೇಲೆ ಅದನ್ನು ಹೇಳಬಾರದಿತ್ತು ಎನ್ನಿಸಿತು.

ಹೆಂಡತಿ ಬಂದಳು. ಅತ್ತಿಗೆ ಬಂದಳು. ಷಡ್ಡಕನೂ ಬಂದ. ಇಸ್ತ್ರಿಯವನು ತಾನು ಕಂಡದ್ದನ್ನು ಅಭಿನಯಸಹಿತ ವಿವರಿಸಿದ. ಹೆಂಡತಿಯ ಮುಖ ಒಗೆದು ಹಿಂಡಿದ ಬಟ್ಟೆಯಂತಾಯಿತು.

"ರೀ... ಏನ್ರೀ ಇದು? ಇದಕ್ಕಾ ನನ್ನನ್ನ ಪ್ರವಾಸಕ್ಕೆ ಕರ್ಕೊಂಡ್ ಬಂದಿದ್ದು?"

ಅವಳ ಆ ದನಿ ಕೇಳಿ ಚಿಲ್ಲರೆಪ್ಪ ಇನ್ನು ತಡೆಯಲಿಲ್ಲ. ಮಾನ ಹೋದರೆ ಹೋಗಲಿ, ಷಡ್ಡಕ ಜೀವಮಾನವಿಡೀ ಆಡಿಕೊಳ್ಳಲಿ ಎಂದು ಕಣ್ಣುಮುಚ್ಚಿ ಹೇಳಿಬಿಟ್ಟ.

"ಟಿಪ್ಸ್ ಕಣೇ! ಟಿಪ್ಸ್ ಕೊಡೋಕೆ ಹೋಗಿದ್ದೆ! ಕೊಡಲ್ಲ ಅಂತ ಒಪ್ಕೊಂಡು ಕೊಡ್ತಿದ್ದೀನಲ್ಲ, ಭಾವ ಏನಂದ್ಕೋತಾರೋ ಅಂತ ಯಾರಿಗೂ ಹೇಳ್ಬೇಡ ಅಂದೆ."

"ನೋಡಿದ್ರಾ?" ಎಂದ ಷಡ್ಡಕ, ಎದೆ ಮುಂದೆ ಮಾಡಿ. "ಬೇಡ ಅಂತ ಬಡ್ಕೊಂಡೆ. ನಾನು ಹೇಳಿದ್ದು ಯಾರು ಕೇಳ್ತಾರೆ?"

ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಆ ಹೆಂಗಸು ಬಾಯಿ ಬಿಟ್ಟಳು. "ಟಿಪ್ಸಾ? ಹಾಗಾದ್ರೆ ಈ ಸರ್ ಕೊಟ್ಟಿದ್ದೂ ಟಿಪ್ಸೇನಾ?" ಅವಳ ಬೆರಳು ಷಡ್ಡಕನ ಕಡೆಗಿತ್ತು.

ಷಡ್ಡಕನ ಎದೆ ಒಳಗೆ ಹೋಯಿತು.

"ಬೆಳಿಗ್ಗೆ ಈ ಅಕ್ಕ ಬಂದ್ರು," ಎಂದು ಚಿಲ್ಲರೆಪ್ಪನ ಹೆಂಡತಿಯನ್ನು ತೋರಿಸಿದಳು. "ಕೈಗೆ ದುಡ್ಡು ತುರುಕಿ, ನಮ್ಮೋರಿಗೆ ಹೇಳ್ಬೇಡಮ್ಮ ಅಂದ್ರು. ಆಮೇಲೆ ಆ ಅಕ್ಕ ಬಂದ್ರು. ನನ್ನ ಗಂಡನಿಗೆ ಗೊತ್ತಾದ್ರೆ ಅಷ್ಟೇ ಅಂದ್ರು. ಆಮೇಲೆ ಈ ಸರ್ ಬಂದು, ಬಾಯಿ ಮೇಲೆ ಬೆರಳಿಟ್ಕೊಂಡು ದುಡ್ಡು ಕೊಟ್ಟು ಓಡಿಹೋದ್ರು. ದಿಂಬಿನ ಮೇಲೆ ಬೇರೆ ಒಂದು ನೋಟಿತ್ತು. ನಾನು ಮುಟ್ಟಲಿಲ್ಲಪ್ಪ. ಒಂದೇ ರೂಮಿನೋರು, ಒಬ್ಬರಿಗೊಬ್ಬರು ಹೇಳ್ಬೇಡ ಅಂತ ದುಡ್ಡು ಕೊಡ್ತಾರೆ ಅಂದ್ರೆ ಏನರ್ಥ? ಇವರೂ ಬಂದು ಅದೇ ಮಾತು ಅಂದಾಗ ನನ್ನ ಕೈಕಾಲೇ ಬಿದ್ದುಹೋಯ್ತು."

ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅತ್ತಿಗೆ ಮೇಲೆ ಫ್ಯಾನ್ ನೋಡಿದಳು. ಮ್ಯಾನೇಜರು ಮಾತ್ರ ಫೋನೆತ್ತಿ ಯಾರಿಗೋ ಮೆಲ್ಲಗೆ ಏನೋ ಹೇಳಿದ.

ಮೊದಲು ನಕ್ಕವಳು ಚಿಲ್ಲರೆಪ್ಪನ ಹೆಂಡತಿ. ಅತ್ತಿಗೆಯೂ ನಕ್ಕಳು. ಷಡ್ಡಕ ಕೆಮ್ಮಿ, "ಕೆಲವು ಹೋಟೆಲುಗಳಲ್ಲಿ ಕೊಡೋದೂ ಉಂಟು," ಎಂದ. ಇಸ್ತ್ರಿಯವನು ನಿರಾಶೆಯಿಂದ ಹೊರಟುಹೋದ. ಹೆಂಡತಿ ಗಂಡನ ಹೆಗಲಿನ ಮೇಲೆ ಕೈಯಿಟ್ಟಳು. ಚಿಲ್ಲರೆಪ್ಪನಿಗೆ ಮುಳುಗಿದವನು ತಲೆ ಹೊರಗೆ ಹಾಕಿ ಉಸಿರೆಳೆದಂತಾಯಿತು. ಬೆರಳ ಸಂದಿಯಲ್ಲಿ ಇನ್ನೂ ಇದ್ದ ನೋಟುಗಳನ್ನೆಲ್ಲ ಆ ಹೆಂಗಸಿಗೆ, ಎಲ್ಲರ ಎದುರಿಗೇ, ನಗುತ್ತ ಕೊಟ್ಟ.

"ನಗ್ತಾ ಕೊಟ್ರಲ್ಲ, ಪರವಾಗಿಲ್ಲ," ಎಂದಳು ಹೆಂಡತಿ.

ಅವರು ಎದ್ದು ನಿಂತಾಗ ಬಾಗಿಲು ತೆರೆದು ಹೋಟೆಲಿನ ಪ್ಲಂಬರ್ ಒಳಗೆ ಬಂದ.

"ನೀವು ಹೇಳಿದ ಹಾಗೆ ಆ ರೂಮೆಲ್ಲ ನೋಡ್ದೆ ಸರ್," ಎಂದು ಮ್ಯಾನೇಜರಿಗೆ ಹೇಳಿದ. "ಮಂಚ, ಕಿಟಕಿ, ಕನ್ನಡಿ ಎಲ್ಲ ಸರಿಯಾಗಿದೆ. ಕಮೋಡಿನ ಮೇಲೆ ಕೂರೋ ಮುಚ್ಚಳ ಮಾತ್ರ ಬುಡದಲ್ಲಿ ಸೀಳಿದೆ. ಬೇರೆದೇ ಹಾಕ್ಬೇಕು."

ಮ್ಯಾನೇಜರು ಮತ್ತೆ ಕೂತ. ಚಿಲ್ಲರೆಪ್ಪನಿಗೂ ಕೂರುವಂತೆ ಕೈ ತೋರಿಸಿದ.

"ಈಗ ಎಲ್ಲ ಅರ್ಥ ಆಯ್ತು ಸರ್," ಎಂದ, ಎಂದಿಗಿಂತ ಮೆಲ್ಲಗೆ.

"ಏನು ಅರ್ಥ ಆಯ್ತು? ನಾವು ಮುರಿದಿಲ್ಲ! ಅದು ಮೊದಲೇ ಮುರಿದಿತ್ತೇನೋ!"

"ನಿಮಗಿಂತ ಮುಂಚೆ ಇದ್ದೋರು ಬಿಡಿಗಾಸೂ ಕೊಡದೆ ಹೋದ್ರು ಸರ್. ಮುರಿದಿದ್ರೆ ಹಾಗೆ ಹೋಗೋಕೆ ಧೈರ್ಯ ಬರ್ತಿತ್ತಾ? ನೀವು ನಾಲ್ಕು ಜನ, ಕದ್ದುಮುಚ್ಚಿ, ಒಬ್ಬರಾದ ಮೇಲೆ ಒಬ್ಬರು ಕೊಟ್ಟಿದ್ದೀರಿ. ಬರೀ ಗುಡಿಸಿ ಒರೆಸಿದ್ದಕ್ಕೆ ಯಾರು ಅಷ್ಟು ಕೊಡ್ತಾರೆ?"

ಷಡ್ಡಕ ಏನೋ ಹೇಳಲು ಹೋದ. ಮ್ಯಾನೇಜರು ರಿಜಿಸ್ಟರ್ ತಿರುಗಿಸಿ, ರೂಮು ಯಾರ ಹೆಸರಿನಲ್ಲಿದೆ ಎಂದು ನೋಡಿದ. ಷಡ್ಡಕ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡ.

ಆ ಹೆಂಗಸು ಪಾಪ, ಅವರು ಕೊಟ್ಟದ್ದನ್ನೆಲ್ಲ ಸೊಂಟದ ಚೀಲದಿಂದ ತೆಗೆದು ಮೇಜಿನ ಮೇಲೆ ಸುರಿದಳು. "ಇದನ್ನ ಅದಕ್ಕೇ ಹಿಡ್ಕೊಳ್ಳಿ ಸರ್. ನನಗೆ ಇದರ ಸಹವಾಸ ಬೇಡ." ಮುಚ್ಚಳದ ಬೆಲೆಗೆ ಅದು ಸಾಲಲಿಲ್ಲ. ಉಳಿದದ್ದನ್ನು ಹೆಂಡತಿಯಿಂದ ಇಸಿದುಕೊಂಡು ಚಿಲ್ಲರೆಪ್ಪ ತುಂಬಿದ. ರಸೀದಿಯಲ್ಲಿ ಮ್ಯಾನೇಜರು ಅಂದವಾದ ಅಕ್ಷರದಲ್ಲಿ 'ಮುರಿದ ಮುಚ್ಚಳ' ಎಂದು ಬರೆದು, ಕೆಳಗೆ ಸಹಿ ಹಾಕಿಸಿಕೊಂಡ.

ಸಾಮಾನು ಹೊತ್ತುಕೊಂಡು ನಾಲ್ವರೂ ಗೇಟಿನ ಕಡೆ ನಡೆದರು. ಮುಂದೆ ಹೋಗುತ್ತಿದ್ದ ಅತ್ತಿಗೆ ಗಂಡನನ್ನು ಓರೆಗಣ್ಣಿನಿಂದ ಅಳೆಯುತ್ತಿದ್ದಳು. ಷಡ್ಡಕ ಎರಡು ಸಲ ಹಿಂದೆ ತಿರುಗಿ ಚಿಲ್ಲರೆಪ್ಪನ ಸೊಂಟದ ಸುತ್ತಳತೆಯ ಕಡೆ ನೋಡಿದ.

ಟ್ಯಾಕ್ಸಿಗೆ ಕಾಯುವಾಗ ಹೆಂಡತಿ ಹತ್ತಿರ ಸರಿದು, ಅವನ ತೋಳು ಹಿಡಿದು, ಬಹಳ ಪ್ರೀತಿಯಿಂದ ಕಿವಿಯಲ್ಲಿ ಕೇಳಿದಳು.

"ನನ್ನ ಹತ್ರ ಮಾತ್ರ ನಿಜ ಹೇಳಿ. ಬೈಯಲ್ಲ. ನೀವೇ ಅಲ್ವಾ?"

ಚಿಲ್ಲರೆಪ್ಪ "ಛೇ, ಏನೇ ನೀನು" ಎನ್ನಲು ಬಾಯಿ ತೆರೆದ. ಆದರೆ ಆವತ್ತು ಬೆಳಿಗ್ಗೆ ತಾನು ಎಷ್ಟು ಮೆಲ್ಲಗೆ ಕೂತಿದ್ದೆ, ಎಷ್ಟು ಜೋರಾಗಿ ಎದ್ದಿದ್ದೆ ಎನ್ನುವುದು, ಎಷ್ಟು ಯೋಚಿಸಿದರೂ ಈಗ ಅವನಿಗೇ ಸರಿಯಾಗಿ ನೆನಪಾಗುತ್ತಿರಲಿಲ್ಲ.