ಎಂಜಿನಿಯರರ ಮನೆಯಲ್ಲಿ ಕನ್ಯೆ ನೋಡಿದ್ದು

ಕೆಲವರ ಮನೆಗೆ ಬೆಕ್ಕು ತಾನಾಗಿ ಬಂದು ಸೇರಿಕೊಳ್ಳುವ ಹಾಗೆ ನಮ್ಮ ಮನೆಗೆ ಫಜೀತಿಗಳು ಬಂದು ಸೇರುತ್ತಿದ್ದವು. ಯಾರೂ ಕರೆಯಬೇಕಿರಲಿಲ್ಲ. ಈಗ ದೂರದ ಕೊಚ್ಚಿಯಲ್ಲಿ ಮೊಮ್ಮಕ್ಕಳು "ಅಜ್ಜನ ಸುದ್ದಿ ಹೇಳು" ಎಂದಾಗಲೆಲ್ಲ ನನಗೆ ವಾಡಿಯ ಕ್ವಾರ್ಟರ್ಸಿನ ಕೊನೆಯ ವರ್ಷ ನೆನಪಾಗುತ್ತದೆ. ನಮ್ಮ ಯಜಮಾನರು ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು. ರಜೆಯ ದಿನವೂ ಅವರ ಕೈಗೆ ಸುಮ್ಮನಿದ್ದು ಗೊತ್ತಿರಲಿಲ್ಲ. ನಿವೃತ್ತರಾದ ಮೇಲೂ ಹಾಗೇ ಇದ್ದರು. ಆ ವರ್ಷ ನಿವೃತ್ತಿ ಹತ್ತಿರ ಬಂದಿತ್ತು. ಕ್ವಾರ್ಟರ್ಸು ಬಿಡುವುದರೊಳಗೆ ಮಗಳ ಮದುವೆ ಆಗಬೇಕಿತ್ತು.

ಸೇಡಂನ ಜೀಪು

ಮೊದಲು ಬಂದವರು ಸೇಡಂ ಕಡೆಯ ಗೌಡರು, ಸ್ವಂತ ಜೀಪಿನಲ್ಲಿ. ಜೀಪು ಅಂಗಳಕ್ಕೆ ಬರುವಾಗಲೇ ನಮ್ಮ ಯಜಮಾನರ ಕಿವಿ ನೆಟ್ಟಗಾಯಿತು. "ಕುಂದರ್ರಿ, ಚಾ ಕುಡೀರಿ. ಬೇರಿಂಗ್ ಹೋದಂಗ ಕಾಣ್ತದ, ಒಂದೀಟ ನೋಡಿ ಬರ್ತೀನಿ" ಎಂದು ಹೊರಗೆ ಹೋದರು.

ಮಗಳು ಬಂದು ಕೂತು, ಕೇಳಿದ್ದಕ್ಕೆ ಉತ್ತರ ಹೇಳಿ ಒಳಗೆ ಹೋದಳು. ಗೌಡರು ಎದ್ದು ಹೊರಗೆ ಬಂದರೆ ಅವರ ಅರ್ಧ ಜೀಪು ನಮ್ಮ ಕಟ್ಟೆಯ ಮೇಲೆ, ಹಳೆಯ ಪೇಪರಿನ ಮೇಲೆ ಸಾಲಾಗಿ ಕೂತಿತ್ತು.

"ಸಾಹೇಬ್ರ, ನಾವು ಹೋಗೋದು ಹ್ಯಾಂಗ್ರಿ?"

"ಊಟ ಮಾಡ್ರಿ, ಅಷ್ಟರಾಗ ಆಗ್ತದ."

ಅವರು ಉಂಡರು, ಮಲಗಿ ಎದ್ದರು, ಮತ್ತೆ ಚಹಾ ಕುಡಿದರು. ಹೊತ್ತು ಮುಳುಗುವಾಗ ಹೊರಟರು. ಹುಡುಗಿ ಬೇಡವೆಂದು ಹೇಳಿ ಕಳಿಸಿದರು. ಮುಂದಿನ ವಾರ ಜೀಪನ್ನು ಮಾತ್ರ ಮತ್ತೆ ಕಳಿಸಿದರು.

ಚಿತ್ತಾಪುರದವರಿಗೆ ಉಪ್ಪಿಟ್ಟು

ಎರಡನೆಯವರು ಚಿತ್ತಾಪುರದವರು, ಕಾಳುಕಡಿಯ ಅಡತಿ ವ್ಯಾಪಾರದವರು. ಹುಡುಗನ ತಾಯಿ ಉಪ್ಪಿಟ್ಟು ತಿಂದು, "ಭಾಳ ಛಲೋ ಆಗ್ಯಾದ. ನಮ್ಮ ಮನಿಗೆ ಇಂಥಾ ಕೈನೇ ಬೇಕಾಗಿತ್ತು" ಎಂದರು. ನಾನು ಇವರಿಗೆ ಕಣ್ಸನ್ನೆ ಮಾಡಿದೆ. ಆದರೆ ಇವರಿಗೆ ಸುಳ್ಳು ಬರುತ್ತಿರಲಿಲ್ಲ.

"ಅದು ನನ್ನ ಕೈರಿ. ರಜಾ ದಿನ ಅಡಿಗಿ ನಂದೇ. ಮಗಳು ಮಾಡಿದ್ರ ಗಂಟಾಗ್ತದ."

ಆ ತಾಯಿ ಉಳಿದದ್ದನ್ನೂ ತಿಂದು ತಟ್ಟೆ ಕೆಳಗಿಟ್ಟರು. ಆಮೇಲೆ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದರು: "ಇವರಿಗೆ ತಮ್ಮ ಯಾರರೆ ಅದಾರೇನ್ರಿ? ನಮ್ಮ ಮನ್ಯಾಗೂ ಒಬ್ಬಾಕಿ ಮಗಳ ಅದಾಳ."

ಚಿಂಚೋಳಿಯವರು

ಮೂರನೆಯ ಹುಡುಗ ಚಿಂಚೋಳಿಯ ಮಾಸ್ತರ. ನೆಂಟರ ಮದುವೆಯಲ್ಲಿ ಮಗಳು ಅವನನ್ನು ನೋಡಿದ್ದಳು. ಅವರು ಬರುವ ಹಿಂದಿನ ದಿನ ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪಾ, ಈ ಹುಡುಗ ನನಗ ಪಸಂದ ಅದಾನ. ಈ ಸರ್ತಿ ನೀ ಏನೂ ರಿಪೇರಿ ಮಾಡಬ್ಯಾಡ. ಮಾತೂ ಆಡಬ್ಯಾಡ."

ಮರುದಿನ ಅವರು ಬಂದಾಗ, ಪಾಪ, ಇವರು ಕೈಕಟ್ಟಿ ಮೂಕರಂತೆ ಕೂತರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಹನ್ನೆರಡಾಯಿತು.

ದಿನಾ ಆ ಹೊತ್ತಿಗೆ ಕಾರ್ಖಾನೆಯ ಸುಣ್ಣದಕಲ್ಲಿನ ಗಣಿಯಲ್ಲಿ ಬಂಡೆ ಒಡೆಯಲು ಮದ್ದು ಹಾರಿಸುತ್ತಿದ್ದರು. ಮೊದಲು ಎಚ್ಚರಿಕೆಯ ಸೈರನ್ನು, ನಮ್ಮ ಕಡೆಯ ಭೋಂಗಾ, ಕೂಗುತ್ತಿತ್ತು. ಆಮೇಲೆ ಮನೆಯೆಲ್ಲ ನಡುಗುತ್ತಿತ್ತು. ಆದ್ದರಿಂದ ಭೋಂಗಾ ಕೇಳಿದ ಕೂಡಲೇ ಬೀಳುವಂಥದ್ದನ್ನು ಹಿಡಿದು ನಿಲ್ಲುವುದು ನಮಗೆ ರೂಢಿ. ಅಂದೂ ಭೋಂಗಾ ಕೂಗಿತು. ನಾನು ಎದ್ದು ಪಾತ್ರೆಗಳ ಹಲಗೆ ಹಿಡಿದೆ. ಮಗಳು ನಾಚಿಕೊಂಡೇ ಎದ್ದು ಬಸವಣ್ಣನವರ ಫೋಟೋಕ್ಕೆ ಎರಡೂ ಕೈ ಹಚ್ಚಿದಳು. ಇವರು ಅಲಮಾರಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದರು. ಅಂದು ಯಾಕೋ ಮದ್ದು ಹಾರಲೇ ಇಲ್ಲ. ಕಾದು, ಸುಮ್ಮನೆ ಬಂದು ಕೂತೆವು. ದಿನದ ಕೆಲಸವಲ್ಲವೇ, ವಿವರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹುಡುಗನ ತಂದೆ ಏನೂ ಕೇಳಲಿಲ್ಲ. "ನೀವೂ ನಮ್ಮ ಮನಿ ನೋಡಾಕ ಬರ್ರಿ. ಆಮ್ಯಾಲ ಮಾತಾಡೋಣು" ಎಂದಷ್ಟೇ ಹೇಳಿ ಹೋದರು. ಇದೂ ಹೋಯಿತೆಂದು ಮಗಳು ಅಂದು ಊಟ ಮಾಡಲಿಲ್ಲ.

ನಾವಿಬ್ಬರೂ ಚಿಂಚೋಳಿಗೆ ಹೋದೆವು. ಮಾತು ಎಲ್ಲೆಲ್ಲೋ ಸುತ್ತಿತೇ ಹೊರತು ಮದುವೆಗೆ ಬರಲಿಲ್ಲ. ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು. ಹುಡುಗನ ತಂದೆ ಗಂಭೀರವಾಗಿ ಎದ್ದು ಹೋಗಿ ಕಪಾಟು ತಬ್ಬಿಕೊಂಡರು. ಅವರ ಹೆಂಡತಿ ನೀರಿನ ಕೊಡ ಹಿಡಿದರು. ಹುಡುಗ ಕಂಬ ಹಿಡಿದ. ನೋಡಿದ್ದೇ ತಡ, ಇವರು ಓಡಿಹೋಗಿ ಕಪಾಟಿನ ಇನ್ನೊಂದು ಬದಿ ತಬ್ಬಿದರು. ನಾನು ಸಿಕ್ಕಿದ ಚಹಾದ ಕಪ್ಪು ಹಿಡಿದೆ.

ನಾವು ಬಿಡಲೆಂದು ಅವರು ಕಾದರು. ಮದ್ದು ಸಿಡಿಯಲೆಂದು ನಾವು ಕಾದೆವು. ಕೊನೆಗೆ ಇವರೇ ಕಪಾಟಿನ ಆಚೆಯಿಂದ ಪಿಸುಗುಟ್ಟಿದರು: "ಗಣಿ ಇಲ್ಲಿಂದ ಎಷ್ಟು ದೂರ ಅದರಿ?"

"ಯಾವ ಗಣಿರಿ, ಬೀಗರ? ನಿಮ್ಮ ಮಗಳು ಬರೂದು ಈ ಮನಿಗೇ ಅಲ್ಲೇನ್ರಿ? ನಿಮ್ಮ ಮನಿ ಹನ್ನೆರಡರ ಪೂಜಾ ನಾವೂ ಈಗಿಂದ್ಲೇ ರೂಢಿ ಮಾಡ್ಲಿಕತ್ತೀವಿ."