ಗಾಳಿಗೋಪುರದ ಜಪ್ತಿ ಹಾಗೂ ಒಬ್ಬ ತಮ್ಮನ ವಿಲೇವಾರಿ ಕುರಿತು

ತೆರಿಗೆ ವಸೂಲಿ ಅಧಿಕಾರಿಗಳಾದ ಮಾನ್ಯರೇ,

ತಾವು ನಮ್ಮ ಮನೆಯ ಹಾಲ್‌ನಲ್ಲಿ ಬೆನ್ನನ್ನು ಗೋಡೆಗೂ ಹೊಟ್ಟೆಯನ್ನು ರಬ್ಬರಿನ ಅರಮನೆಗೂ ಒತ್ತಿಕೊಂಡು ನಿಂತಿದ್ದಾಗ ತಮಗೆ ಸರಿಯಾಗಿ ಕೈಮುಗಿಯಲು ನನಗೆ ಜಾಗ ಸಿಗದಿದ್ದ ಕಾರಣ, ಆ ಬಾಕಿಯನ್ನು ಇಲ್ಲಿ ಮೊದಲು ತೀರಿಸುತ್ತೇನೆ: ನಮಸ್ಕಾರಗಳು. ನಮ್ಮ ಮನೆಯಲ್ಲಿ ಯಾರಾದರೂ ಬಾಕಿಯನ್ನು ತಾವಾಗಿ ತೀರಿಸಿದ್ದು ಇದೇ ಮೊದಲು ಎಂಬುದನ್ನು ದಯವಿಟ್ಟು ಕಡತದಲ್ಲಿ ನಮೂದಿಸಿಕೊಳ್ಳಬೇಕು.

ಲೋಕದಲ್ಲಿ ಗಾಳಿಗೋಪುರ ಕಟ್ಟುವವರು ಬೇಕಾದಷ್ಟು ಮಂದಿ ಇದ್ದಾರೆ. ಅದನ್ನು ಬಾಡಿಗೆಗೆ ಕೊಟ್ಟು ಹೊಟ್ಟೆ ಹೊರೆದವನು ನನ್ನ ತಮ್ಮ ಒಬ್ಬನೇ. ಹುಟ್ಟುಹಬ್ಬದ ಮನೆಗಳಲ್ಲಿ ಗಾಳಿ ತುಂಬಿ ನಿಲ್ಲಿಸುವ, ಮಕ್ಕಳು ಒಳಹೊಕ್ಕು ಕುಪ್ಪಳಿಸುವ ಅರಮನೆಯೇ ಅವನ ಕಸುಬು. ಬಾಡಿಗೆಯ ಜೊತೆಗೆ ತೆರಿಗೆಯನ್ನೂ ವಸೂಲು ಮಾಡುವುದರಲ್ಲಿ ಅವನು ತಮ್ಮಷ್ಟೇ ನಿಷ್ಠಾವಂತ. ವಸೂಲಾದದ್ದನ್ನು ತಮಗೆ ತಲುಪಿಸಬೇಕೆಂಬ ಸಣ್ಣ ಸಂಗತಿ ಮಾತ್ರ ಅವನಿಗೆ ಹೊಳೆಯಲಿಲ್ಲ. ಆ ಹಣದಲ್ಲಿ, ಅದೂ ಸಾಲದೆಂದು ಬ್ಯಾಂಕಿನ ಸಾಲದಲ್ಲಿ, ಇನ್ನೂ ದೊಡ್ಡದೊಂದು ಅರಮನೆ ಕೊಂಡ. ಅದು ಯಾವ ಗಿರಾಕಿಯ ಅಂಗಳದಲ್ಲೂ ಹಿಡಿಸಲಿಲ್ಲ. ಕಂತು ನಿಂತು, ಮನೆ ಮಾಲೀಕರು ಹೊರಗೆ ಹಾಕಿದ ಮೇಲೆ, ಎರಡೂ ಅರಮನೆಗಳನ್ನು ಮಡಚಿಕೊಂಡು ನನ್ನ ಬಾಗಿಲಿಗೆ ಬಂದು, "ನಾಲ್ಕು ದಿನ ಇರ್ತೀನಿ ಅಕ್ಕ" ಅಂದ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ತಾವು ಜಪ್ತಿಗೆ ಬಂದದ್ದು ಆಗ. ವಸ್ತು ಸುಸ್ಥಿತಿಯಲ್ಲಿದೆಯೇ ಎಂದು ಇದ್ದ ಸ್ಥಳದಲ್ಲೇ ಪರೀಕ್ಷಿಸಬೇಕೆಂಬ ನಿಯಮವನ್ನು ತಾವು ಓದಿ ಹೇಳಿದಿರಿ. ಹೊರಗೆ ಒಯ್ಯೋಣವೆಂದು ನಾನು ಅಂಗಲಾಚಿದೆ. ಅಷ್ಟರಲ್ಲಿ ನನ್ನ ತಮ್ಮ, ನೆಲ ಗುಡಿಸುವಾಗಲೂ ಕಾಲೆತ್ತದವನು, ಸೋಫಾದಿಂದ ಚಂಗನೆ ಎದ್ದು ದೊಡ್ಡ ಅರಮನೆಗೇ ಗಾಳಿಯಂತ್ರ ಹಚ್ಚಿದ. ಗೋಪುರ ಫ್ಯಾನನ್ನು ಮುಟ್ಟಿತು, ಪರದೆ ಕಂಬಿಸಮೇತ ಕೆಳಗೆ ಬಂತು, ಸ್ವಿಚ್ಚು ಅರಮನೆಯ ಹಿಂದೆ ಕಾಣೆಯಾಯಿತು. ಮೂಲೆ ಸೇರಿದ ತಮಗೆ ನನ್ನ ತಮ್ಮ ವೃತ್ತಿಧರ್ಮ ಬಿಡದೆ, "ಸಾರ್, ಬೂಟು ಬಿಚ್ಚಿಬಿಡಿ, ತೂತಾಗುತ್ತೆ" ಅಂದ. ತಾವು ಬಿಚ್ಚಿದಿರಿ. ಬರಿಗಾಲಲ್ಲಿ ನಿಂತು, ಗೋಪುರದ ಮೇಲೆ ಕಾಗದವಿಟ್ಟು, 'ವಸ್ತು ಸುಸ್ಥಿತಿಯಲ್ಲಿದೆ' ಎಂದು ಬರೆದ ತಮ್ಮ ಕರ್ತವ್ಯನಿಷ್ಠೆಗೆ ಪ್ರತಿಮೆ ನಿಲ್ಲಿಸಿದರೂ ಕಡಿಮೆಯೇ. ನಾನು ಅಡುಗೆಮನೆ ಕಡೆಯಿಂದ ಮೇನ್ ಸ್ವಿಚ್ಚು ಆರಿಸಿದ್ದರಿಂದ ಅರಮನೆ ನಿಟ್ಟುಸಿರುಬಿಟ್ಟು ತಮ್ಮ ಮೇಲೆಯೇ ಮಲಗಿದ್ದಕ್ಕೆ ಕ್ಷಮೆಯಿರಲಿ.

ನನ್ನ ದೂರು ಇಷ್ಟೇ. ಅರಮನೆಗಳ ಜೊತೆಗೆ, ನನ್ನ ಸ್ವಂತ ದುಡಿಮೆಯ ಬಟ್ಟೆ ಒಗೆಯುವ ಯಂತ್ರಕ್ಕೂ ಮೊಹರು ಹಾಕಿದಿರಿ. ನನ್ನ ತಮ್ಮನನ್ನು ಮಾತ್ರ ಬಿಟ್ಟು ಹೋದಿರಿ. ಆದೇಶದಲ್ಲಿ 'ಮನೆಯಲ್ಲಿ ಕಂಡ ಚರಾಸ್ತಿ' ಎಂದಿತ್ತು. ಅವನು ಚರವೋ ಸ್ಥಿರವೋ ಎಂಬ ಸಂಶಯ ಸೋಫಾ ನೋಡಿದವರಿಗೆ ಸಹಜ. ಆದರೂ ಅವನನ್ನು ರಸೀದಿ ಕೊಟ್ಟು ಒಯ್ದು, ತಮ್ಮ ಗೋದಾಮಿನಲ್ಲಿ ತೇವ ತಾಗದಂತೆ ಇಟ್ಟು, ಹರಾಜಿನಲ್ಲಿ ಯಾರಾದರೂ ಬಾಯಿತಪ್ಪಿ ಕೂಗಿದರೂ ಆ ಬೆಲೆಗೇ ಬಿಟ್ಟುಕೊಡಬೇಕೆಂದು ವಿನಂತಿಸುತ್ತೇನೆ.

ಇನ್ನು ತಮ್ಮ ಕಚೇರಿಯಲ್ಲಿ ನಡೆದ ವಿಚಾರಣೆ. ನಾನು ಹಲ್ಲಿನ ಡಾಕ್ಟರ ಬಳಿ ಟೋಕನ್ ಕೊಡುವವಳು. ಬಾಯಿ ತೆರೆಯಲು ಹೆದರುವವರನ್ನು ಕೂರಿಸಿ ಸಮಾಧಾನ ಹೇಳುವುದೇ ನನ್ನ ನಿತ್ಯದ ಕೆಲಸ. ಅಂಥ ನನಗೂ ಅಂದು ನನ್ನ ತಮ್ಮನ ಬಾಯಿ ತೆರೆಸಲಾಗಲಿಲ್ಲ. ಇಷ್ಟು ನೋಟಿಸು ಬಂದರೂ ಮನೆಯವರಿಗೆ ಯಾಕೆ ಹೇಳಲಿಲ್ಲ ಎಂದು ತಾವು ಮತ್ತೆ ಮತ್ತೆ ಕೇಳಿದ ಮೇಲೆ, ನನ್ನ ತಮ್ಮ ಮೇಜು ನೋಡುತ್ತಲೇ ಹೇಳಿದ:

"ಅಕ್ಕ ಬೈತಾಳೆ ಅಂತ ಅಲ್ಲ ಸಾರ್. ಗೊತ್ತಾದ್ರೆ ತಾನೇ ಕಟ್ಟಿಬಿಡ್ತಾಳೆ ಅಂತ."

ಸ್ವಂತ ಮನೆಗೆಂದು ಕೂಡಿಟ್ಟ ಅಷ್ಟೂ ಹಣಕ್ಕೆ ಚೆಕ್ಕು ಬರೆದು ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದ ನಾನು ಅದನ್ನು ಹೊರತೆಗೆಯುವುದರಲ್ಲಿದ್ದೆ. ಅವನ ಮಾತು ಕೇಳಿ ನನ್ನ ಕೈ ಬ್ಯಾಗಿನೊಳಗೇ ನಿಂತಿತು. ತಾವು ಅದನ್ನು ಕಂಡು, "ಮೇಡಂ, ಬ್ಯಾಗಿನ ಜಿಪ್ ಹಾಕ್ಕೊಳ್ಳಿ" ಅಂದಿರಿ. ಅಧಿಕಾರಿಯೊಬ್ಬರು ಹಣ ಬೇಡವೆಂದದ್ದನ್ನು ನಾನು ಹೊರಗೆ ಹೇಳಿದರೆ ಯಾರೂ ನಂಬುತ್ತಿಲ್ಲ. ಇದರಿಂದ ನನ್ನ ಮರ್ಯಾದೆಗೆ ಆದ ನಷ್ಟವನ್ನೂ ತಾವೇ ಭರಿಸಬೇಕು. ಅಷ್ಟು ಸಾಲದೆಂಬಂತೆ, ದೊಡ್ಡ ಅರಮನೆ ಮಾರಿ ಒಂದಿಷ್ಟು ಕಟ್ಟಲಿ, ಚಿಕ್ಕದರಲ್ಲಿ ದುಡಿದು ಉಳಿದದ್ದನ್ನು ಕಂತಿನಲ್ಲಿ ತೀರಿಸಲಿ, ಅಕ್ಕನದು ಬರೀ ಜಾಮೀನು ಎಂದು ಆದೇಶ ಬರೆದಿರಿ. ಅದನ್ನು ನೋಡಿ ಬ್ಯಾಂಕಿನವರೂ ಕಂತು ಸಡಿಲಿಸಿದರು. ಜೀವಮಾನವಿಡೀ ತಮ್ಮನನ್ನು ಹಂಗಿಸಿ ಮಾತಾಡುವ ನನ್ನ ಹಕ್ಕನ್ನು ತಾವು ಒಂದೇ ರುಜುವಿನಲ್ಲಿ ಕಿತ್ತುಕೊಂಡಿರಿ.

ಬಟ್ಟೆ ಒಗೆಯುವ ಯಂತ್ರದ ಮೊಹರು ತೆಗೆಯಲು ಆಳು ಕಳಿಸುವುದಾಗಿ ತಿಳಿಸಿದ್ದೀರಿ. ದಯವಿಟ್ಟು ಬೇಡ. ಚಿಕ್ಕ ಅರಮನೆ ಬಾಡಿಗೆಗೆ ಹೋಗದ ದಿನಗಳಲ್ಲಿ ನನ್ನ ತಮ್ಮ ಮನೆಯ ಬಟ್ಟೆಗಳನ್ನೆಲ್ಲ ಕೈಯಲ್ಲೇ ಒಗೆಯುತ್ತಿದ್ದಾನೆ. ಸಾಧ್ಯವಾದರೆ ಪೊರಕೆಗೂ ಒಂದು ಮೊಹರು ಹಾಕಿಸಿ; ಮುಂದೇನಾಗುತ್ತದೋ ನೋಡೋಣ.

ಇಂತು,
ತಮ್ಮ ವಿಶ್ವಾಸಿ,
ತಮ್ಮನ ಜಾಮೀನುದಾರಳು

ತಾ.ಕ.: ನಿನ್ನೆ ತಮ್ಮ ಕಚೇರಿಯ ನಂಬರಿನಿಂದ ಯಾರೋ ಫೋನ್ ಮಾಡಿ, ಮಗಳ ಹುಟ್ಟುಹಬ್ಬಕ್ಕೆ ಅರಮನೆ ಬೇಕು, ರಸೀದಿ ಬೇಡ ಅಂದರೆ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿದರು. ಏನೂ ಕಡಿಮೆಯಾಗುವುದಿಲ್ಲ, ಕಷ್ಟವಿದ್ದರೆ ಕಂತಿನಲ್ಲಿ ಕಟ್ಟಬಹುದು, ಆದರೆ ಅಕ್ಕನ ಜಾಮೀನು ಬೇಕು ಎಂದು ನನ್ನ ತಮ್ಮ ಬಹಳ ವಿನಯದಿಂದ ತಿಳಿಸಿದ್ದಾನೆ.