ಹೈಬ್ರಿಡ್ಡೋ, ಮುಚ್ಚಿದ್ದೋ?

ಮನೆಗೆ ಏನಾದರೂ ದೊಡ್ಡ ಸಾಮಾನು ಕೊಳ್ಳಲು ಹೊರಟರೆ ಸಾಕು, ನಮ್ಮ ಸಂಸಾರದಲ್ಲಿ ಇಂಥ ಪ್ರಸಂಗಗಳು ತಾವಾಗಿಯೇ ನಡೆಯುತ್ತವೆ. ಈ ಬೇಸಿಗೆಯ ಸಾಮಾನು, ಕಾರಿನ ಹಿಂದೆ ಎಳೆದುಕೊಂಡು ಹೋಗುವ ಕ್ಯಾಂಪಿಂಗ್ ಟ್ರೇಲರ್. ಅದರಲ್ಲಿ ಎರಡು ಜಾತಿ. ಹೈಬ್ರಿಡ್ ಅಂದರೆ ಅರ್ಧ ಗಟ್ಟಿ ಗೋಡೆ, ಅರ್ಧ ಟೆಂಟ್ ಬಟ್ಟೆ, ಒಲೆ ಹೊರಗೆ. ಇನ್ನೊಂದು ಪೂರ್ತಿ ಮುಚ್ಚಿದ್ದು. ಒಲೆ, ಹಾಸಿಗೆ, ಟಾಯ್ಲೆಟ್ ಎಲ್ಲ ಒಳಗೇ. ನಮ್ಮವರಿಗೆ ಗಾಳಿ ಬೇಕು. ನನಗೆ ಗೋಡೆ ಬೇಕು.

೧. ಮಾವನವರ ಸಲಹೆ

ಇಲ್ಲಿ ಜರ್ಮನಿಯಲ್ಲಿ, ವಾಲ್‌ಡಾರ್ಫ್ ಊರಿನ ಆಫೀಸಿನಿಂದ ಬಂದವರೇ ನಮ್ಮವರು ಮೈಸೂರಿಗೆ ಫೋನ್ ಮಾಡಿ, ಹೈಬ್ರಿಡ್ ತಗೊಳ್ಳೋಣ ಅಂತಿದೀನಿ ಅಂದರು. ಮಾವನವರಿಗೆ ಕಿವಿ ಸ್ವಲ್ಪ ಮಂದ, ಟ್ರೇಲರ್ ಅನ್ನುವುದು ಕೇಳಿಸಲಿಲ್ಲ. ಯೋಚನೆ ಮಾಡಿ ಹೇಳಿದರು: "ಬೇಡಪ್ಪ. ನೋಡೋಕೆ ಕೆಂಪಗೆ ಚೆನ್ನಾಗಿರುತ್ತೆ, ಸಾರಿಗೆ ಹುಳಿನೇ ಬಿಡಲ್ಲ. ಅಲ್ಲಿ ನಾಟಿ ಸಿಗಲ್ವಾ?"

ಹಿರಿಯರ ಮಾತು ಮೀರಬಾರದು ಅಂತ ನಾನೂ ಸೇರಿಸಿದೆ.

೨. ಒಗ್ಗರಣೆ

ಕೊಳ್ಳುವ ಮೊದಲು ಎರಡನ್ನೂ ಬಾಡಿಗೆಗೆ ತಂದು ನೋಡೋಣ ಅಂತಾಯಿತು. ಮೊದಲು ನನ್ನ ಮುಚ್ಚಿದ್ದು. ನೆಕ್ಕರ್ ನದಿಯ ದಡದಲ್ಲಿ ನಿಲ್ಲಿಸಿ, ಒಳಗೆ ಸಾರಿಗೆ ಸಾಸಿವೆ, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟೆ. ಘಾಟು ಹೋಗಲು ದಾರಿಯೇ ಇಲ್ಲ. ನಾವಿಬ್ಬರೂ ಮಗಳೂ ಕೆಮ್ಮುತ್ತಾ ಹೊರಗೆ ಓಡಿ ಬಂದೆವು. ಒಳಗೆ ಹೊಗೆಯ ಅಲಾರಂ ಕೂಗುತ್ತಲೇ ಇತ್ತು. ಪಕ್ಕದ ಟ್ರೇಲರಿನ ಜರ್ಮನ್ ಅಜ್ಜ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಬಂದು, ಏನು ಸುಡ್ತಿದೆ ಅಂತ ಕೇಳಿದ. ನಮ್ಮ ಮಗಳು ಕಣ್ಣು ಒರೆಸಿಕೊಳ್ಳುತ್ತಾ ಜರ್ಮನ್‌ನಲ್ಲೇ ಸಮಾಧಾನ ಮಾಡಿದಳು: ಏನೂ ಸುಡ್ತಿಲ್ಲ, ಅಮ್ಮ ಅಡುಗೆ ಮಾಡ್ತಿದಾಳೆ.

ನಮ್ಮವರು ಗೆದ್ದ ಮುಖ ಮಾಡಿಕೊಂಡರು.

೩. ಬಟ್ಟೆಯ ಗೋಡೆ

ಮುಂದಿನ ಸಲ ಹೈಬ್ರಿಡ್. ಒಗ್ಗರಣೆ ಗಾಳಿಗೆ ಹೋಯಿತು, ಊಟ ಸೊಗಸಾಗಿ ಆಯಿತು. ಮಗಳು ಈಜಲು ಹೋದಳು. ಇಲ್ಲಿನ ಕ್ಯಾಂಪುಗಳಲ್ಲಿ ಮಧ್ಯಾಹ್ನ ಊಟವಾದ ಮೇಲೆ ಯಾರೂ ಸದ್ದು ಮಾಡುವಂತಿಲ್ಲ. ಆ ನಿಶ್ಶಬ್ದದಲ್ಲಿ ನಮ್ಮ ಜಗಳ ಶುರುವಾಯಿತು. ನಾನು ಪಿಸುಮಾತಲ್ಲೇ ಆಡುತ್ತಿದ್ದೆ. ನಮ್ಮವರು, "ಇಲ್ಲಿ ಯಾರಿಗೆ ಕನ್ನಡ ಬರುತ್ತೆ? ಧಾರಾಳವಾಗಿ ಮಾತಾಡು" ಅಂದರು.

ಧಾರಾಳವಾಗಿಯೇ ಮಾತಾಡಿದೆ. ಟ್ರೇಲರಿನಿಂದ ಶುರುವಾಗಿ, ಅವರ ಗೊರಕೆ, ಅವರ ತಂಗಿಯ ಮದುವೆಯಲ್ಲಿ ನನಗೆ ಕೊಟ್ಟ ಸೀರೆಯ ಬಣ್ಣ, ಎಲ್ಲ ಬಂತು. ಅವರೂ ನನ್ನ ತಮ್ಮನನ್ನು ಬಿಡಲಿಲ್ಲ.

ಸದ್ದಿಲ್ಲದ ಹೊತ್ತು ಮುಗಿದ ಮೇಲೆ ಪಕ್ಕದ ಟೆಂಟಿನಿಂದ ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬಂದರು. ನ್ಯೂರೆಂಬರ್ಗ್‌ನಲ್ಲಿ ಕೆಲಸವಂತೆ, ಊರು ಹಾಸನವಂತೆ. ನಮ್ಮಿಬ್ಬರಿಗೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಕಾಫಿ ಬಗ್ಗಿಸಿ ಕೊಟ್ಟು, ತುಂಬ ಮರ್ಯಾದೆಯಿಂದ ಹೇಳಿದರು: "ಸಾರ್, ಮುಚ್ಚಿದ್ದೇ ತಗೊಂಡುಬಿಡಿ. ನಮ್ಮನೆಯವಳು ಆಗಲೇ ಮೇಡಂ ಹತ್ರ ಪಾಯಿಂಟ್ಸ್ ಕಲ್ತ್ಕೊಂಡಿದಾಳೆ."